ಟ್ರೇಡಿಂಗ್ ಗುರುವಿನ ಶುಲ್ಕ: ಕಟ್ಟುವ ಮುನ್ನ ನೋಡಬೇಕಾದ ಲೆಕ್ಕ

ಷೇರು ಮಾರುಕಟ್ಟೆಯಲ್ಲಿ ಟ್ರೇಡಿಂಗ್ ಕಲಿಸುತ್ತೇವೆ ಎನ್ನುವವರ ದರಪಟ್ಟಿ ಈಗ ಮೊಬೈಲ್ ಹಿಡಿದವರಿಗೆಲ್ಲ ಗೊತ್ತು. ಮೊದಲು 99 ರೂಪಾಯಿಗೆ ಎರಡು ಗಂಟೆಯ ಆನ್‌ಲೈನ್ ಪಾಠ. ಅದು ಮುಗಿಯುವ ಹೊತ್ತಿಗೆ ಐದು ಸಾವಿರದ ಬೇಸಿಕ್ ಕೋರ್ಸ್. ಅದನ್ನು ಮುಗಿಸಿದವರಿಗೆ ಐವತ್ತು ಸಾವಿರದ ಅಡ್ವಾನ್ಸ್ಡ್ ಕೋರ್ಸ್. ಎಲ್ಲಕ್ಕೂ ಮೇಲೆ, ಗುರು ಖುದ್ದಾಗಿ ಜೊತೆಗಿರುತ್ತಾರೆ ಎಂಬ ಭರವಸೆಯ ಮೆಂಟರ್‌ಶಿಪ್. ಅದಕ್ಕೆ ಲಕ್ಷ, ಒಂದೂವರೆ ಲಕ್ಷ, ಕೆಲವೆಡೆ ಇನ್ನೂ ಹೆಚ್ಚು. ಬೆಂಗಳೂರಿನ ಐಟಿ ನೌಕರರಿಂದ ಹಿಡಿದು ತಾಲ್ಲೂಕು ಕೇಂದ್ರದ ಡಿಗ್ರಿ ವಿದ್ಯಾರ್ಥಿಯವರೆಗೆ ಎಷ್ಟೋ ಜನ ಈ ಮೆಟ್ಟಿಲು ಹತ್ತುತ್ತಿದ್ದಾರೆ. ಹಣಕಾಸಿನ ವಿಷಯ ಬರೆಯುವ ನನ್ನಂಥವರನ್ನು ಕಂಡಾಗ ಅವರು ಕೇಳುವುದು ಒಂದೇ ಪ್ರಶ್ನೆ: ‘ಯಾರ ಹತ್ತಿರ ಸೇರಿದರೆ ಒಳ್ಳೆಯದು?’ ಅದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಬೇರೆ ಇದೆ: ಸೇರುವುದರಿಂದ ಪ್ರಯೋಜನವಿದೆಯೇ, ಇದ್ದರೆ ಯಾರಿಗೆ?

ಉತ್ತರ ಹುಡುಕಲು ಹೊರಟರೆ ಮೊದಲು ಎದುರಾಗುವುದು ಸೆಬಿಯ ಅಂಕಿಅಂಶ. ಷೇರು ಮಾರುಕಟ್ಟೆಯ ಈ ನಿಯಂತ್ರಕ ಸಂಸ್ಥೆ 2024ರ ಸೆಪ್ಟೆಂಬರ್‌ನಲ್ಲಿ ಪ್ರಕಟಿಸಿದ ಅಧ್ಯಯನ ಫ್ಯೂಚರ್ಸ್ ಮತ್ತು ಆಪ್ಷನ್ಸ್, ಅಂದರೆ ಎಲ್ಲರೂ ಎಫ್ ಅಂಡ್ ಓ ಎನ್ನುವ ವಹಿವಾಟಿಗೆ ಸಂಬಂಧಿಸಿದ್ದು. 2021-22ರಿಂದ 2023-24ರವರೆಗಿನ ಮೂರು ಹಣಕಾಸು ವರ್ಷಗಳಲ್ಲಿ ಇದಕ್ಕೆ ಕೈಹಾಕಿದ ಒಂದು ಕೋಟಿಗೂ ಹೆಚ್ಚು ಸಾಮಾನ್ಯ ಟ್ರೇಡರ್‌ಗಳ ಪೈಕಿ ಶೇ 93ರಷ್ಟು ಮಂದಿ ನಷ್ಟ ಅನುಭವಿಸಿದ್ದಾರೆ. ವಹಿವಾಟಿನ ಖರ್ಚೂ ಸೇರಿ ತಲಾ ನಷ್ಟ ಸರಾಸರಿ ಎರಡು ಲಕ್ಷ ರೂಪಾಯಿ. ಒಟ್ಟು ನಷ್ಟ 1.8 ಲಕ್ಷ ಕೋಟಿಗೂ ಹೆಚ್ಚು. ಖರ್ಚು ಕಳೆದು ಒಂದು ಲಕ್ಷಕ್ಕಿಂತ ಹೆಚ್ಚು ಲಾಭ ಕಂಡವರು ನೂರಕ್ಕೆ ಒಬ್ಬರು ಮಾತ್ರ. ಮುಂದಿನ ವರ್ಷ, ಅಂದರೆ 2024-25ರಲ್ಲಿಯೂ ಶೇ 91ರಷ್ಟು ಮಂದಿ ಸೋತರು; ಆ ಒಂದೇ ವರ್ಷದ ನಷ್ಟ ಒಂದು ಲಕ್ಷ ಕೋಟಿ ದಾಟಿತು. ಅದೇ ದಿನ ಕೊಂಡು ಅದೇ ದಿನ ಮಾರುವ ಇಂಟ್ರಾಡೇ ವಹಿವಾಟಿನಲ್ಲಿ 2022-23ರಲ್ಲಿ ಹತ್ತರಲ್ಲಿ ಏಳು ಜನ ನಷ್ಟದಲ್ಲಿದ್ದರು ಎಂದು ಸೆಬಿಯ ಇನ್ನೊಂದು ಅಧ್ಯಯನ ಹೇಳಿತು. ವರ್ಷಕ್ಕೆ 500ಕ್ಕಿಂತ ಹೆಚ್ಚು ಬಾರಿ ವಹಿವಾಟು ಮಾಡಿದವರಲ್ಲಿ ಸೋತವರ ಪ್ರಮಾಣ ಇನ್ನೂ ಜಾಸ್ತಿ: ಶೇ 80.

ಮೆಂಟರ್‌ಗಳು ಈ ಅಂಕಿಗಳನ್ನು ಮುಚ್ಚಿಡುವುದಿಲ್ಲ; ತಮ್ಮ ಪಾಠದ ಮೊದಲ ಸ್ಲೈಡಿನಲ್ಲೇ ತೋರಿಸುತ್ತಾರೆ. ‘ಹತ್ತರಲ್ಲಿ ಒಂಬತ್ತು ಜನ ಸೋಲುವುದು ಕಲಿಯದೇ ಬಂದದ್ದರಿಂದ. ಉಳಿದ ಒಬ್ಬ ನೀವಾಗಬೇಕು’ ಎನ್ನುತ್ತಾರೆ. ಕೇಳಲು ಸರಿಯೆನಿಸುವ ಮಾತು. ಆದರೆ ಸೋತವರೆಲ್ಲ ಕಲಿಯದವರು ಎಂಬುದಕ್ಕೆ ಆಧಾರವೆಲ್ಲಿ? ಎರಡು ವರ್ಷ ಸತತವಾಗಿ ಸೋತ ಮೇಲೂ ಮುಕ್ಕಾಲು ಪಾಲಿಗೂ ಹೆಚ್ಚು ಜನ ಎಫ್ ಅಂಡ್ ಓ ಬಿಟ್ಟಿಲ್ಲ ಎಂದು ಸೆಬಿಯ 2024ರ ಸೆಪ್ಟೆಂಬರ್ ಅಧ್ಯಯನ ಹೇಳುತ್ತದೆ. ಅವರಿಗೆ ಅನುಭವಕ್ಕೇನೂ ಕೊರತೆ ಇರಲಿಲ್ಲ.

ಅನುಭವದಿಂದ ಈ ವಿದ್ಯೆ ಒಲಿಯುತ್ತದೆಯೇ ಎಂಬುದನ್ನು ನೇರವಾಗಿ ಪರೀಕ್ಷಿಸಿದ್ದು ಬ್ರೆಜಿಲಿನ ಮೂವರು ಅರ್ಥಶಾಸ್ತ್ರಜ್ಞರು: ಶಾಗ್, ಡಿ ಲೊಸ್ಸೊ ಮತ್ತು ಜಿಯೊವಾನೆಟ್ಟಿ. 2013ರಿಂದ 2015ರ ನಡುವೆ ಅಲ್ಲಿನ ಸೂಚ್ಯಂಕದ ಫ್ಯೂಚರ್ಸ್‌ನಲ್ಲಿ ಡೇ ಟ್ರೇಡಿಂಗ್ ಶುರುಮಾಡಿದ ಪ್ರತಿಯೊಬ್ಬರ ವಹಿವಾಟನ್ನೂ ಅವರು ಜಾಲಾಡಿದರು. 300 ದಿನಕ್ಕಿಂತ ಹೆಚ್ಚು ಪಟ್ಟುಹಿಡಿದು ಕೂತವರು 1,551 ಜನ. ಅವರಲ್ಲಿ ಶೇ 97 ಮಂದಿ ಸೋತಿದ್ದರು. ದೇಶದ ಕನಿಷ್ಠ ಕೂಲಿಗಿಂತ ಹೆಚ್ಚು ದುಡಿದವರು ಶೇ 1.1. ದಿನಗಳು ಉರುಳಿದಂತೆ ಕೈ ಪಳಗಿತು ಎಂಬ ಸುಳಿವೂ ಸಂಶೋಧಕರಿಗೆ ಸಿಗಲಿಲ್ಲ. ತೈವಾನಿನ ಡೇ ಟ್ರೇಡರ್‌ಗಳ ಹಲವು ವರ್ಷಗಳ ದಾಖಲೆ ನೋಡಿದ ಬಾರ್ಬರ್, ಓಡೀನ್ ಮತ್ತು ಅವರ ಸಹೋದ್ಯೋಗಿಗಳಿಗೆ ಕಂಡದ್ದು ಇನ್ನೊಂದು ಸತ್ಯ: ವರ್ಷದಿಂದ ವರ್ಷಕ್ಕೆ ಗೆಲ್ಲಬಲ್ಲವರು ಇದ್ದಾರೆ, ಆದರೆ ಅವರ ಸಂಖ್ಯೆ ನೂರಕ್ಕೆ ಒಂದಕ್ಕಿಂತ ಕಡಿಮೆ. ಅಂದರೆ ಕೌಶಲ ಎಂಬುದೇ ಸುಳ್ಳಲ್ಲ. ಅದು ತೀರ ಅಪರೂಪ. ಅಪರೂಪದ ಕೌಶಲವನ್ನು ಎಂಟು ವಾರಗಳ ತರಗತಿಯಲ್ಲಿ ಸಾವಿರಾರು ಜನರಿಗೆ ದಾಟಿಸಬಹುದು ಎನ್ನುವವರೇ ಅದಕ್ಕೆ ಪುರಾವೆ ಒದಗಿಸಬೇಕು.

ಟ್ರೇಡಿಂಗ್ ಕಲಿಸಬಹುದು ಎನ್ನುವುದಕ್ಕೆ ಮೆಂಟರ್‌ಗಳೆಲ್ಲ ಎತ್ತಿಹೇಳುವ ಉದಾಹರಣೆ ಒಂದಿದೆ. 1983ರಲ್ಲಿ ಷಿಕಾಗೋದ ಸರಕು ಮಾರುಕಟ್ಟೆಯ ಹೆಸರಾಂತ ಟ್ರೇಡರ್ ರಿಚರ್ಡ್ ಡೆನ್ನಿಸ್ ಮತ್ತು ಅವರ ಗೆಳೆಯ ವಿಲಿಯಂ ಎಕ್‌ಹಾರ್ಟ್ ನಡುವೆ ವಾದ ಬಿತ್ತು. ಒಳ್ಳೆಯ ಟ್ರೇಡರ್‌ಗಳು ಹುಟ್ಟಿಬರುತ್ತಾರೋ, ಅವರನ್ನು ತಯಾರು ಮಾಡಬಹುದೋ ಎಂಬ ವಾದ. ಡೆನ್ನಿಸ್ ಪತ್ರಿಕೆಗಳಲ್ಲಿ ಜಾಹೀರಾತು ಕೊಟ್ಟು, ಬಂದ ಅರ್ಜಿಗಳನ್ನು ಸೋಸಿ ಬೆರಳೆಣಿಕೆಯ ಜನರನ್ನು ಆರಿಸಿಕೊಂಡು, ಎರಡು ವಾರ ತಮ್ಮ ನಿಯಮಗಳನ್ನು ಕಲಿಸಿದರು. ಮುಂದೆ ‘ಟರ್ಟಲ್ಸ್’ ಎಂದು ಹೆಸರಾದ ಅವರಲ್ಲಿ ಹಲವರು ದೊಡ್ಡ ಮೊತ್ತ ಗಳಿಸಿದರು. ಈ ಕಥೆ ಹೇಳುವವರು ಅದರ ಷರತ್ತನ್ನು ಬಿಟ್ಟುಬಿಡುತ್ತಾರೆ. ಡೆನ್ನಿಸ್ ಶಿಷ್ಯರಿಂದ ಶುಲ್ಕ ವಸೂಲಿ ಮಾಡಲಿಲ್ಲ. ಬದಲಿಗೆ ತಮ್ಮ ಸ್ವಂತ ದುಡ್ಡನ್ನು ಅವರ ಕೈಗಿತ್ತು ಟ್ರೇಡ್ ಮಾಡಿಸಿದರು. ಲಾಭ ಬಂದರೆ ಶಿಷ್ಯರಿಗೆ ಪಾಲಿತ್ತು. ನಷ್ಟವಾದರೆ ಹೋಗುತ್ತಿದ್ದದ್ದು ಗುರುವಿನ ಗಂಟು. ತನ್ನ ವಿದ್ಯೆಯ ಮೇಲೆ ನಂಬಿಕೆ ಇದ್ದವನು ಮಾಡುವ ಕೆಲಸ ಅದು. ಸ್ವಂತ ಬಂಡವಾಳದಲ್ಲಿ ವಹಿವಾಟು ನಡೆಸುವ ಸಂಸ್ಥೆಗಳು ಇವತ್ತಿಗೂ ಹಾಗೆಯೇ ಮಾಡುತ್ತವೆ. ಹುಡುಗರನ್ನು ಸಂಬಳಕ್ಕೆ ತೆಗೆದುಕೊಂಡು, ತರಬೇತಿ ಕೊಟ್ಟು, ಸಂಸ್ಥೆಯ ಹಣ ಒಪ್ಪಿಸುತ್ತವೆ.

ಹಾಗಾಗಿ ಮೆಂಟರ್ ಒಬ್ಬರ ಬಗ್ಗೆ ನಾನು ಮೊದಲು ನೋಡುವುದು ಅವರ ಜ್ಞಾನವನ್ನಲ್ಲ, ಅವರ ಆದಾಯದ ಮೂಲವನ್ನು. ಶುಲ್ಕವೊಂದೇ ಅಲ್ಲ. ‘ನನ್ನ ಲಿಂಕ್ ಮೂಲಕವೇ ಡಿಮ್ಯಾಟ್ ಖಾತೆ ತೆರೆಯಿರಿ’ ಎಂದರೆ ಬ್ರೋಕರ್ ಕಡೆಯಿಂದ ಅವರಿಗೆ ಕಮಿಷನ್ ಇದೆ ಎಂದರ್ಥ. ಕೆಲವು ಏರ್ಪಾಡುಗಳಲ್ಲಿ ನೀವು ಕಟ್ಟುವ ಬ್ರೋಕರೇಜಿನ ಒಂದು ಪಾಲು ಪ್ರತಿ ವಹಿವಾಟಿನಲ್ಲೂ ಅವರಿಗೆ ಸೇರುತ್ತದೆ. ಶಿಷ್ಯ ದಿನಕ್ಕೆ ಹತ್ತು ಟ್ರೇಡ್ ಮಾಡಿದರೆ ಗುರುವಿಗೆ ಲಾಭ. ಶಿಷ್ಯ ಸುಮ್ಮನೆ ಕೂತರೆ ಗುರುವಿಗೆ ಏನೂ ಇಲ್ಲ. ಆದರೆ ಹೊಸಬರಿಗೆ ಹೇಳಲೇಬೇಕಾದ ಅತಿ ಬೆಲೆಬಾಳುವ ಮಾತು ‘ಸುಮ್ಮನೆ ಕೂರು’ ಎಂಬುದೇ. ‘ಇದು ನಿನಗಲ್ಲ, ಎಫ್ ಅಂಡ್ ಓ ಬಿಟ್ಟುಬಿಡು’ ಎಂಬ ಬುದ್ಧಿಮಾತಿನಿಂದ ಒಂದು ಕುಟುಂಬದ ವರ್ಷಗಳ ಉಳಿತಾಯ ಉಳಿಯುತ್ತದೆ. ಶುಲ್ಕದ ಮೇಲೆ ಬದುಕುವವರಿಗೆ ಆ ಮಾತು ಹೇಳುವುದು ಕಷ್ಟ.

ಇದು ಊಹೆಯ ಮಾತಲ್ಲ. 2023ರ ಅಕ್ಟೋಬರ್‌ನಲ್ಲಿ ಸೆಬಿ ‘ಬಾಪ್ ಆಫ್ ಚಾರ್ಟ್’ ಎಂಬ ಹೆಸರಿನಲ್ಲಿ ಕೋರ್ಸ್ ಮಾರುತ್ತಿದ್ದ ಮೊಹಮ್ಮದ್ ನಾಸಿರುದ್ದೀನ್ ಅನ್ಸಾರಿ ವಿರುದ್ಧ ಮಧ್ಯಂತರ ಆದೇಶ ಹೊರಡಿಸಿ, 17.2 ಕೋಟಿ ರೂಪಾಯಿ ಎಸ್ಕ್ರೋ ಖಾತೆಗೆ ಜಮೆ ಮಾಡಲು ಹೇಳಿತು. ಹೂಡಿಕೆದಾರರಿಂದ ಅವರು ಸಂಗ್ರಹಿಸಿದ್ದರು ಎನ್ನಲಾದ ಹಣವದು. ಆ ಆದೇಶದಲ್ಲಿ ಇನ್ನೊಂದು ಅಂಕಿಯೂ ಇದೆ: 2021ರ ಜನವರಿಯಿಂದ 2023ರ ಜುಲೈವರೆಗೆ ಅವರ ಸ್ವಂತ ಟ್ರೇಡಿಂಗ್‌ನಲ್ಲಿ ಆದ ನಿವ್ವಳ ನಷ್ಟ 2.89 ಕೋಟಿ. 2025ರ ಫೆಬ್ರವರಿಯಲ್ಲಿ ಅಸ್ಮಿತಾ ಪಟೇಲ್ ಅವರ ಟ್ರೇಡಿಂಗ್ ಶಾಲೆಗೆ ಸಂಬಂಧಿಸಿ 53 ಕೋಟಿಗೂ ಹೆಚ್ಚು ಮೊತ್ತವನ್ನು, 2025ರ ಡಿಸೆಂಬರ್‌ನಲ್ಲಿ ಅವಧೂತ್ ಸಾಠೆ ಅವರ ಅಕಾಡೆಮಿಗೆ ಸಂಬಂಧಿಸಿ 546 ಕೋಟಿಯನ್ನು ಮುಟ್ಟುಗೋಲು ಹಾಕಿಕೊಳ್ಳಲು ಸೆಬಿ ಆದೇಶಿಸಿತು. ಇವೆಲ್ಲ ಮಧ್ಯಂತರ ಆದೇಶಗಳು; ಅಂತಿಮ ತೀರ್ಪೆಂದು ಓದಬಾರದು. ಆದರೆ ಮೂರರಲ್ಲೂ ಆರೋಪದ ತಿರುಳು ಒಂದೇ: ಶಿಕ್ಷಣದ ಹೆಸರಿನಲ್ಲಿ, ನೋಂದಣಿ ಇಲ್ಲದೆ, ಇಂಥ ಷೇರು ಕೊಳ್ಳಿ ಇಂಥದ್ದು ಮಾರಿ ಎಂಬ ಸಲಹೆ ಕೊಡಲಾಗಿದೆ. ಅಮೆರಿಕದಲ್ಲೂ ಇದೇ ಕಥೆ. ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ 2020ರಲ್ಲಿ ಆನ್‌ಲೈನ್ ಟ್ರೇಡಿಂಗ್ ಅಕಾಡೆಮಿ ಎಂಬ ಸಂಸ್ಥೆಯ ಮೇಲೆ ಮೊಕದ್ದಮೆ ಹೂಡಿ, ಗಳಿಕೆಯ ಸುಳ್ಳು ಭರವಸೆ ಕೊಟ್ಟು ಒಬ್ಬೊಬ್ಬರಿಂದ 50,000 ಡಾಲರ್‌ವರೆಗೂ ಪಡೆದಿದೆ ಎಂದು ಆರೋಪಿಸಿತು. ಅದೇ ವರ್ಷ ಆ ಪ್ರಕರಣ ರಾಜಿಯಲ್ಲಿ ಮುಗಿಯಿತು.

ಹಾಗಾದರೆ ಮೆಂಟರ್‌ಗಳು ತೋರಿಸುವ ಸಾಕ್ಷ್ಯಗಳಿಗೆ ಎಷ್ಟು ಬೆಲೆ? ಲಾಭದ ಸ್ಕ್ರೀನ್‌ಶಾಟ್‌ಗೆ ಕವಡೆ ಕಿಮ್ಮತ್ತಿಲ್ಲ. ಅದನ್ನು ತಿದ್ದುವುದು ಸುಲಭ. ತಿದ್ದದೇ ಇದ್ದರೂ ಅದು ಒಂದು ಖಾತೆಯ ಒಂದು ದಿನದ ಕಥೆ. ಶಿಷ್ಯರ ಮೆಚ್ಚುಗೆಯ ವಿಡಿಯೊಗಳು ನಿಜವೇ ಇರಬಹುದು, ಆದರೂ ಅವು ಏನನ್ನೂ ಸಾಬೀತು ಮಾಡುವುದಿಲ್ಲ. ಲೆಕ್ಕ ಹಾಕಿ ನೋಡಿ. ಒಬ್ಬ ಮೆಂಟರ್ ಬಳಿ ಸಾವಿರ ಶಿಷ್ಯರಿದ್ದಾರೆ; ಯಾರೊಬ್ಬರಿಗೂ ಏನೂ ಬಾರದು, ಪ್ರತಿ ತಿಂಗಳ ಲಾಭ ನಷ್ಟ ನಾಣ್ಯ ಚಿಮ್ಮಿದ ಹಾಗೆ ಎಂದಿಟ್ಟುಕೊಳ್ಳೋಣ. ಮೊದಲ ತಿಂಗಳು 500 ಜನ ಲಾಭದಲ್ಲಿರುತ್ತಾರೆ. ಎರಡೂ ತಿಂಗಳು ಗೆದ್ದವರು 250. ಆರೂ ತಿಂಗಳು ಸತತವಾಗಿ ಗೆದ್ದವರು ಹದಿನೈದು ಹದಿನಾರು ಮಂದಿ. ಆ ಹದಿನಾರು ಜನ ಕ್ಯಾಮೆರಾ ಮುಂದೆ ಕೂತು ‘ಸರ್ ನನ್ನ ಬದುಕನ್ನೇ ಬದಲಿಸಿದರು’ ಎಂದು ಮನಸಾರೆ ಹೇಳುತ್ತಾರೆ, ಸುಳ್ಳಾಡದೆ. ಉಳಿದ 984 ಜನರ ವಿಡಿಯೊ ಯಾರೂ ಮಾಡುವುದಿಲ್ಲ. ಆದ್ದರಿಂದ ಕೇಳಬೇಕಾದದ್ದು ಗೆದ್ದವರ ಹೆಸರನ್ನಲ್ಲ. ಕಳೆದ ವರ್ಷ ಸೇರಿದವರೆಲ್ಲರ ಲೆಕ್ಕವನ್ನು. ಎಷ್ಟು ಜನ ಸೇರಿದರು, ಎಷ್ಟು ಜನ ಇನ್ನೂ ಟ್ರೇಡ್ ಮಾಡುತ್ತಿದ್ದಾರೆ, ಅವರ ಒಟ್ಟು ಫಲಿತಾಂಶ ಏನು?

‘ನಮ್ಮ ತಂತ್ರ ನೂರಕ್ಕೆ ತೊಂಬತ್ತು ಸಲ ಗೆಲ್ಲುತ್ತದೆ’ ಎಂಬ ಮಾತಿನ ವಿಷಯದಲ್ಲಿ ಇನ್ನೂ ಹೆಚ್ಚು ಎಚ್ಚರ ಬೇಕು, ಏಕೆಂದರೆ ಅದು ನಿಜವೂ ಇರಬಹುದು. ಆಪ್ಷನ್ ಮಾರಿ ಪ್ರೀಮಿಯಂ ಗಳಿಸುವ ತಂತ್ರಗಳಲ್ಲಿ ಗೆಲುವು ಪದೇ ಪದೇ ಸಿಗುತ್ತದೆ, ಸಣ್ಣಸಣ್ಣ ಮೊತ್ತದಲ್ಲಿ. ಒಂಬತ್ತು ಸಲ ತಲಾ ಎರಡು ಸಾವಿರ ಬಂದು, ಹತ್ತನೆಯ ಸಲ ಮಾರುಕಟ್ಟೆ ಒಮ್ಮೆಲೇ ಕುಸಿದುಬಿದ್ದು ಇಪ್ಪತ್ತೈದು ಸಾವಿರ ಹೋದರೆ, ಒಟ್ಟಿನಲ್ಲಿ ಏಳು ಸಾವಿರ ಕಳೆದಂತೆ. ಕೋರ್ಸಿನ ಅವಧಿಯಲ್ಲಿ ಆ ಹತ್ತನೆಯ ದಿನ ಬಾರದೇ ಇರಬಹುದು.

ನಂಬಬಹುದಾದ ಸಾಕ್ಷ್ಯ ಇಲ್ಲವೇ ಇಲ್ಲ ಎಂದಲ್ಲ. ಎಫ್ ಅಂಡ್ ಓ ಲಾಭವನ್ನು ವ್ಯಾಪಾರದ ಆದಾಯ ಎಂದು ಐಟಿಆರ್-3ರಲ್ಲಿ ತೋರಿಸಬೇಕು. ಬ್ರೋಕರ್ ಕೊಡುವ ವಾರ್ಷಿಕ ತೆರಿಗೆ ಲೆಕ್ಕದ ಪಟ್ಟಿಯೂ ಇರುತ್ತದೆ. ಟ್ರೇಡಿಂಗ್‌ನಿಂದಲೇ ಬದುಕುತ್ತೇನೆ ಎನ್ನುವವರು ಕಳೆದ ಮೂರು ವರ್ಷದ ಈ ಕಾಗದಗಳನ್ನು, ಖಾಸಗಿ ವಿವರ ಮರೆಮಾಡಿಯಾದರೂ, ಶುಲ್ಕ ಕಟ್ಟುವವರಿಗೆ ತೋರಿಸಬಹುದು. ಅದರಲ್ಲಿ ಕೋರ್ಸಿನ ಆದಾಯವೆಷ್ಟು, ಟ್ರೇಡಿಂಗ್ ಆದಾಯವೆಷ್ಟು ಎಂಬುದು ಬೇರೆಬೇರೆಯಾಗಿ ಕಾಣುತ್ತದೆ. ಕೇಳಿದರೆ ಬೇಸರವಾದೀತು ಎಂಬ ಸಂಕೋಚ ಬೇಡ. ಲಕ್ಷ ರೂಪಾಯಿಯ ಮಾತಿದು.

ಈಗ ಶುಲ್ಕದ ಗಣಿತ. ಇದನ್ನು ಕಾಗದದ ಮೇಲೆ ಬರೆದು ನೋಡುವವರು ಕಡಿಮೆ. ನಿಮ್ಮ ಬಂಡವಾಳ ಎರಡು ಲಕ್ಷ ರೂಪಾಯಿ ಎನ್ನಿ. ಕೋರ್ಸಿನ ಶುಲ್ಕ ಐವತ್ತು ಸಾವಿರ, ಶೇ 18ರ ಜಿಎಸ್‌ಟಿ ಸೇರಿ 59,000. ಬಂಡವಾಳದ ಹೆಚ್ಚುಕಮ್ಮಿ ಶೇ 30ರಷ್ಟನ್ನು ಮೊದಲ ಟ್ರೇಡ್‌ಗಿಂತ ಮುಂಚೆಯೇ ಖರ್ಚು ಮಾಡಿದಂತಾಯಿತು. ಮುಂದೆ ವಹಿವಾಟಿನ ಖರ್ಚು. ಏಳು ಸಾವಿರ ರೂಪಾಯಿ ಪ್ರೀಮಿಯಂನ ಒಂದು ಲಾಟ್ ನಿಫ್ಟಿ ಆಪ್ಷನ್ ಕೊಂಡು ಮಾರಿದರೆ ಬ್ರೋಕರೇಜ್ ಇಪ್ಪತ್ತು ಇಪ್ಪತ್ತು ನಲವತ್ತು. ಎಸ್‌ಟಿಟಿ, ಎಕ್ಸ್‌ಚೇಂಜ್ ಶುಲ್ಕ, ಸ್ಟ್ಯಾಂಪ್ ಸುಂಕ, ಜಿಎಸ್‌ಟಿ ಎಲ್ಲ ಕೂಡಿದರೆ ಸುಮಾರು ಅರವತ್ತು ರೂಪಾಯಿ. ನೋಡಲು ಜುಜುಬಿ ಮೊತ್ತ. ದಿನಕ್ಕೆ ಐದು ಟ್ರೇಡ್, ತಿಂಗಳಿಗೆ ಇಪ್ಪತ್ತು ದಿನ ಎಂದರೆ ಆರು ಸಾವಿರ, ವರ್ಷಕ್ಕೆ 72,000. ಕೋರ್ಸಿನ ಶುಲ್ಕವನ್ನೂ ಸೇರಿಸಿದರೆ 1,31,000. ಎರಡು ಲಕ್ಷದ ಮೇಲೆ ಮೊದಲ ವರ್ಷ ಶೇ 65ರಷ್ಟು ಲಾಭ ಮಾಡಿದವನ ಕೈಯಲ್ಲಿ ಉಳಿಯುವುದು ಹಾಕಿದ ಅಸಲು ಮಾತ್ರ. ಜಗತ್ತಿನ ಯಾವ ನುರಿತ ಫಂಡ್ ಮ್ಯಾನೇಜರನೂ ವರ್ಷ ವರ್ಷ ಅಷ್ಟು ತಂದುಕೊಡುತ್ತೇನೆಂದು ಹೇಳಲಾರ. ಇಪ್ಪತ್ತು ಲಕ್ಷ ಬಂಡವಾಳ ಇರುವವರಿಗೆ ಅದೇ ಶುಲ್ಕ ಶೇ 3. ಶುಲ್ಕ ಹೆಚ್ಚೋ ಕಡಿಮೆಯೋ ಎಂಬುದು ಮೆಂಟರ್‌ನ ಹೆಸರಿನಿಂದ ತೀರ್ಮಾನವಾಗುವುದಲ್ಲ, ನಿಮ್ಮ ಬಂಡವಾಳದಿಂದ. ಆದರೆ ಈ ಕೋರ್ಸುಗಳಿಗೆ ಮುಗಿಬೀಳುವವರು ಹೆಚ್ಚಾಗಿ ಸಣ್ಣ ಬಂಡವಾಳದವರೇ. 2023-24ರಲ್ಲಿ ಎಫ್ ಅಂಡ್ ಓ ಟ್ರೇಡರ್‌ಗಳಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಜನರ ಘೋಷಿತ ವಾರ್ಷಿಕ ಆದಾಯ ಐದು ಲಕ್ಷಕ್ಕಿಂತ ಕಡಿಮೆ ಇತ್ತು ಎನ್ನುತ್ತದೆ ಸೆಬಿ. ಮೂವತ್ತು ವರ್ಷದೊಳಗಿನವರ ಪಾಲು 2022-23ರಲ್ಲಿ ಶೇ 31 ಇದ್ದದ್ದು ಮರುವರ್ಷ ಶೇ 43ಕ್ಕೆ ಏರಿತ್ತು. ನನಗೆ ಸಂಕಟವಾಗುವುದು ಇಲ್ಲಿ. ಕ್ರೆಡಿಟ್ ಕಾರ್ಡಿನ ಇಎಂಐ ಮೇಲೆ ಕೋರ್ಸಿಗೆ ಸೇರಿದ ಹುಡುಗರನ್ನು ಕಂಡಿದ್ದೇನೆ.

ಇಷ್ಟಾದರೂ ಹಣ ಕೊಟ್ಟು ಕಲಿಯುವುದೆಲ್ಲ ವ್ಯರ್ಥ ಎಂದು ನಾನು ಹೇಳಲಾರೆ. ದಾವಣಗೆರೆಯಲ್ಲಿರುವ ನನ್ನ ಅಕ್ಕನ ಮಗ ವರ್ಷಕ್ಕೂ ಹೆಚ್ಚು ಕಾಲ ಆಪ್ಷನ್ಸ್‌ನಲ್ಲಿ ಕೈಯಾಡಿಸಿ, ಸಾಕಷ್ಟು ಕಳೆದುಕೊಂಡು, ಕೊನೆಗೆ ಹಿರಿಯ ಟ್ರೇಡರ್ ಒಬ್ಬರ ಬಳಿ ಹೋದ. ಅವರು ಕೋರ್ಸ್ ನಡೆಸುವವರಲ್ಲ. ಒಂದು ಸಿಟ್ಟಿಂಗಿಗೆ ಇಷ್ಟು ಎಂದು ತೆಗೆದುಕೊಳ್ಳುತ್ತಾರೆ. ಚಾರ್ಟ್ ತೆರೆಯಲೇ ಇಲ್ಲವಂತೆ. ಬ್ರೋಕರ್‌ನ ವೆಬ್‌ಸೈಟಿನಿಂದ ಇಡೀ ವರ್ಷದ ಟ್ರೇಡ್‌ಬುಕ್ ಡೌನ್‌ಲೋಡ್ ಮಾಡಿಸಿ, ಎಕ್ಸೆಲ್ ಹಾಳೆಯಲ್ಲಿ ಸಮಯದ ಪ್ರಕಾರ ಜೋಡಿಸಿದರು. ಬೆಳಿಗ್ಗೆ ಮಾಡಿದ ಟ್ರೇಡ್‌ಗಳಲ್ಲಿ ಲಾಭ ನಷ್ಟ ಸರಿಸಮ. ಹೋದ ದುಡ್ಡಿನ ಬಹುಪಾಲು ಎಕ್ಸ್‌ಪೈರಿ ದಿನದ ಮಧ್ಯಾಹ್ನ ಎರಡರ ನಂತರ ಹೋಗಿತ್ತು. ಅದೂ ಒಂದು ಟ್ರೇಡ್ ಸೋತ ಕೂಡಲೇ ಲಾಟ್ ದುಪ್ಪಟ್ಟು ಮಾಡಿದಾಗ. ‘ನೋಡಪ್ಪಾ, ಬೆಳಿಗ್ಗೆ ನೀನು ಟ್ರೇಡರ್. ಊಟ ಆದಮೇಲೆ ಜೂಜು ಆಡ್ತಿದೀಯ’ ಅಂದರಂತೆ. ಆಮೇಲೆ ಕೆಲವು ವಾರ ಅವನ ಡೈರಿ ತಿದ್ದಿದರು: ಯಾಕೆ ಕೊಂಡೆ, ಸ್ಟಾಪ್‌ಲಾಸ್ ಎಲ್ಲಿಟ್ಟೆ, ಯಾಕೆ ಸರಿಸಿದೆ. ಅವನೇನೂ ಲಾಭದ ಟ್ರೇಡರ್ ಆಗಲಿಲ್ಲ. ‘ಮಾಮ, ಎಷ್ಟು ಹೋಗ್ತಿದೆ, ಯಾಕೆ ಹೋಗ್ತಿದೆ ಅಂತ ಈಗ ಗೊತ್ತಾಗಿದೆ’ ಎಂದ. ಕೆಲವು ತಿಂಗಳಲ್ಲಿ ವಾರದ ಆಪ್ಷನ್ಸ್ ಪೂರ್ತಿ ಬಿಟ್ಟು, ಸಂಬಳದ ಒಂದು ಭಾಗವನ್ನು ಇಂಡೆಕ್ಸ್ ಫಂಡಿಗೆ ಹಾಕತೊಡಗಿದ. ಆ ಶುಲ್ಕ ಒಂದೊಂದು ರೂಪಾಯಿಗೂ ಸಾರ್ಥಕ ಎಂದು ನಾನು ನಂಬುತ್ತೇನೆ.

ಆ ಹಿರಿಯರು ಮಾರಿದ್ದು ಮಾಹಿತಿಯನ್ನಲ್ಲ, ಅವನ ದಾಖಲೆಯ ಮೇಲಿನ ತಮ್ಮ ಗಮನವನ್ನು. ಮಾಹಿತಿಗೆ ದುಡ್ಡು ಕೊಡುವ ಅಗತ್ಯ ಈಗ ಉಳಿದಿಲ್ಲ. ಕ್ಯಾಂಡಲ್‌ಸ್ಟಿಕ್, ಮೂವಿಂಗ್ ಆವರೇಜ್, ಆಪ್ಷನ್ ಗ್ರೀಕ್ಸ್ ಎಲ್ಲವನ್ನೂ ಬೆಂಗಳೂರಿನ ಜೆರೋಧಾ ಸಂಸ್ಥೆಯ ವಾರ್ಸಿಟಿ ಉಚಿತವಾಗಿ, ಅಧ್ಯಾಯ ಅಧ್ಯಾಯವಾಗಿ ಕಲಿಸುತ್ತದೆ. ಅದೂ ಒಂದು ಬ್ರೋಕರ್ ಸಂಸ್ಥೆಯೇ, ಅದಕ್ಕೂ ವ್ಯವಹಾರದ ಹಿತಾಸಕ್ತಿ ಇದೆ ಎಂಬುದು ನೆನಪಿರಲಿ. ಪರೀಕ್ಷೆ ಬರೆದು ಪ್ರಮಾಣಪತ್ರ ಪಡೆಯಬೇಕು ಎನ್ನುವವರಿಗೆ ಸೆಬಿ ಸ್ಥಾಪಿಸಿದ ಎನ್‌ಐಎಸ್‌ಎಂ ಸಂಸ್ಥೆಯ ಈಕ್ವಿಟಿ ಡಿರೈವೇಟಿವ್ಸ್ ಪರೀಕ್ಷೆ ಇದೆ. ಅದರ ಶುಲ್ಕ ಕೆಲವು ಸಾವಿರವನ್ನೂ ಮುಟ್ಟುವುದಿಲ್ಲ. ಐವತ್ತು ಸಾವಿರದ ಕೋರ್ಸಿನ ಪಠ್ಯಕ್ರಮ ತರಿಸಿಕೊಂಡು ಇವುಗಳ ಪಕ್ಕದಲ್ಲಿಟ್ಟು ನೋಡಿ. ಹೊಸದಾಗಿ ಏನಿದೆ ಎಂದು ಗುರುತು ಹಾಕಿ. ಉಳಿಯುವುದು ಹೆಚ್ಚಾಗಿ ಒಂದು ವಾಟ್ಸ್‌ಆ್ಯಪ್ ಗುಂಪು ಮತ್ತು ‘ಲೈವ್ ಮಾರ್ಕೆಟ್’ ತರಗತಿ.

ಕಾನೂನು ಗಡಿ ಎಳೆದಿರುವುದೂ ಆ ಲೈವ್ ತರಗತಿಯ ಹತ್ತಿರವೇ. ಷೇರು ಮಾರುಕಟ್ಟೆಯ ಪಾಠ ಹೇಳಲು ಭಾರತದಲ್ಲಿ ನೋಂದಣಿ ಬೇಕಿಲ್ಲ. ಶುಲ್ಕ ಪಡೆದು ಇಂಥದ್ದನ್ನು ಕೊಳ್ಳಿ, ಮಾರಿ ಎಂದು ಹೇಳಲು ಬೇಕು: ಹೂಡಿಕೆ ಸಲಹೆಗಾರರಿಗೆ 2013ರ, ರಿಸರ್ಚ್ ಅನಲಿಸ್ಟ್‌ಗಳಿಗೆ 2014ರ ನಿಯಮಾವಳಿ ಇದೆ. ಅವರ ನೋಂದಣಿ ಸಂಖ್ಯೆ ಐಎನ್‌ಎ ಅಥವಾ ಐಎನ್‌ಎಚ್ ಎಂದು ಶುರುವಾಗುತ್ತದೆ. ಸೆಬಿ ಜಾಲತಾಣದಲ್ಲಿ ಹುಡುಕಿ ಖಚಿತಪಡಿಸಿಕೊಳ್ಳಬಹುದು. ನೋಂದಾಯಿತ ಸಲಹೆಗಾರರು ಇಷ್ಟು ಲಾಭ ಖಚಿತ ಎಂದು ಹೇಳುವಂತಿಲ್ಲ. ಸಾಮಾನ್ಯ ಗ್ರಾಹಕರಿಂದ ಅವರು ಪಡೆಯುವ ನಿಗದಿತ ಶುಲ್ಕಕ್ಕೂ ಮಿತಿ ಇದೆ, ಒಂದು ಕುಟುಂಬಕ್ಕೆ ವರ್ಷಕ್ಕೆ 1.51 ಲಕ್ಷ. ಯಾವ ಹೊಣೆಯೂ ಇಲ್ಲದ ಕೋರ್ಸಿಗೆ ಅಂಥ ಮಿತಿಯಿಲ್ಲ. 2025ರ ಜನವರಿಯಲ್ಲಿ ಸೆಬಿ ಇನ್ನೊಂದು ಬೇಲಿ ಹಾಕಿತು: ಕೇವಲ ಶಿಕ್ಷಣ ಕೊಡುತ್ತೇವೆ ಎನ್ನುವವರು ಷೇರುಗಳ ಹೆಸರು ಹೇಳಿ ಮಾತನಾಡುವಾಗ ಹಿಂದಿನ ಮೂರು ತಿಂಗಳ ಬೆಲೆಗಳನ್ನು ಬಳಸಬಾರದು ಎಂದು ಆಗ ಹೇಳಿತು. ಇಂದಿನ ಬೆಲೆ ಪರದೆಯ ಮೇಲಿಟ್ಟು ಪಾಠ ಮಾಡುವವರು ಶಿಕ್ಷಣದ ಗಡಿ ದಾಟಿದ್ದಾರೆ ಎಂಬುದನ್ನು ಶುಲ್ಕ ಕಟ್ಟುವ ಮೊದಲೇ ತಿಳಿಯಲು ಇದು ಒಳ್ಳೆಯ ಗುರುತು.

ನನ್ನ ತೀರ್ಮಾನ ಹೀಗೆ. ಇನ್ನೂ ಒಂದು ಟ್ರೇಡ್ ಕೂಡ ಮಾಡದವರು, ಬಂಡವಾಳ ಐದಾರು ಲಕ್ಷದೊಳಗೆ ಇರುವವರು, ಸಾಲ ಮಾಡಿ ಸೇರುವವರು ಯಾವ ಮೆಂಟರ್‌ಗೂ ದೊಡ್ಡ ಶುಲ್ಕ ಕಟ್ಟಬಾರದು. ಒಂದು ವರ್ಷವಾದರೂ ಕನಿಷ್ಠ ಲಾಟ್‌ನಲ್ಲಿ ವಹಿವಾಟು ಮಾಡಿ, ಪ್ರತಿಯೊಂದನ್ನೂ ಬರೆದಿಟ್ಟವರು, ತಮ್ಮ ದಾಖಲೆಯನ್ನು ಓದಿ ತಿದ್ದಬಲ್ಲವರಿಗೆ ಗಂಟೆಯ ಲೆಕ್ಕದಲ್ಲಿ ಕೊಟ್ಟರೆ ತಪ್ಪಿಲ್ಲ. ಒಂದು ಸಿಟ್ಟಿಂಗ್ ನೋಡಿ, ಉಪಯೋಗವಾದರೆ ಇನ್ನೊಂದು. ‘ಇವತ್ತು ರಾತ್ರಿಯೊಳಗೆ ಸೇರಿದರೆ ಅರ್ಧ ಬೆಲೆ’ ಎನ್ನುವ ಕಡೆಯಿಂದ ಎದ್ದು ಬರಬೇಕು.

ಈಗಾಗಲೇ ಕಟ್ಟಿಬಿಟ್ಟವರಿಗೆ ಒಂದೆರಡು ಮಾತು. ರಸೀದಿ, ಜಾಹೀರಾತಿನ ಸ್ಕ್ರೀನ್‌ಶಾಟ್, ವಾಟ್ಸ್‌ಆ್ಯಪ್ ಮೆಸೇಜುಗಳನ್ನು ಅಳಿಸದೆ ಇಟ್ಟುಕೊಳ್ಳಿ. ಗುಂಪಿನಿಂದ ತೆಗೆದುಹಾಕುವ ಮೊದಲೇ ಚಾಟ್ ಎಕ್ಸ್‌ಪೋರ್ಟ್ ಮಾಡಿ. ನೋಂದಾಯಿತರ ವಿರುದ್ಧದ ದೂರು ಸೆಬಿಯ ಸ್ಕೋರ್ಸ್ ಪೋರ್ಟಲ್‌ಗೆ ಹೋಗುತ್ತದೆ. ನೋಂದಣಿ ಇಲ್ಲದವರ ಬಗ್ಗೆ ಸೆಬಿಗೆ ಬೇರೆಯಾಗಿ ಬರೆಯಬೇಕು. ಹೇಳಿದ ಪಾಠ ಕೊಡದಿದ್ದರೆ, ಜಾಹೀರಾತಿನ ಭರವಸೆ ಸುಳ್ಳಾಗಿದ್ದರೆ ಗ್ರಾಹಕ ಸಹಾಯವಾಣಿ 1915 ಇದೆ, ನಂತರ ಜಿಲ್ಲಾ ಗ್ರಾಹಕ ಆಯೋಗ. ಕೊಟ್ಟ ಹಣ ಐದು ಲಕ್ಷದೊಳಗಿದ್ದರೆ ಅಲ್ಲಿ ದೂರಿಗೆ ಶುಲ್ಕವಿಲ್ಲ. ತೊಂದರೆಯಾದ ದಿನದಿಂದ ಎರಡು ವರ್ಷದೊಳಗೆ ದೂರು ಕೊಡಬೇಕು. ಮೆಂಟರ್ ಹೇಳಿದ ಆ್ಯಪ್‌ಗೆ ಹಣ ಹಾಕಿ, ಅದರಲ್ಲಿ ಲಾಭ ಕಾಣುತ್ತಿದ್ದರೂ ವಾಪಸ್ ಪಡೆಯಲು ಆಗುತ್ತಿಲ್ಲ ಎಂದಾದರೆ ಅದು ಕೋರ್ಸಿನ ತಕರಾರಲ್ಲ, ಸೈಬರ್ ವಂಚನೆ. ಇನ್ನಷ್ಟು ‘ಟ್ಯಾಕ್ಸ್’ ಕಟ್ಟಿದರೆ ಬಿಡಿಸಿಕೊಡುತ್ತೇವೆ ಎಂದರೆ ಒಂದು ರೂಪಾಯಿಯನ್ನೂ ಕಳುಹಿಸದೆ ಅದೇ ಗಳಿಗೆಯಲ್ಲಿ 1930ಕ್ಕೆ ಫೋನ್ ಮಾಡಿ. ಎಷ್ಟು ಬೇಗ ಹೇಳುತ್ತೀರೋ ಹಣವನ್ನು ಬ್ಯಾಂಕ್ ಖಾತೆಯಲ್ಲೇ ತಡೆಹಿಡಿಯುವ ಅವಕಾಶ ಅಷ್ಟು ಹೆಚ್ಚು.